ಗರ್ಭಜಲದ ಕೋಶಗಳು: ಆಸೆ ಇರಲಿ, ಆತುರ ಬೇಡ

ಮನೆಯಲ್ಲಿ ಮಂಡಿ ಸವೆದ ತಂದೆ, ಲಕ್ವಾ ಹೊಡೆದ ತಾಯಿ ಅಥವಾ ಆಟಿಸಂ ಇರುವ ಮಗುವಿದ್ದರೆ ‘ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ’ ಎಂಬ ಸಲಹೆ ಒಂದಲ್ಲ ಒಂದು ಕಡೆಯಿಂದ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಈಗ ಗರ್ಭಜಲದ ಕೋಶಗಳ ಹೆಸರೂ ಕೇಳಿಬರುತ್ತಿದೆ. ಒಡವೆ ಅಡವಿಡುವ ಮುನ್ನ ದಯವಿಟ್ಟು ಇದನ್ನು ಓದಿ.

ಹೆರಿಗೆ ಹೊತ್ತಿಗೆ ‘ನೀರೊಡೆಯಿತು’ ಅನ್ನುತ್ತೇವಲ್ಲ, ಅದೇ ಗರ್ಭಜಲ. ಮಗುವಿನ ಮೈಯಿಂದ ಉದುರಿದ ಕೋಶಗಳು ಅದರಲ್ಲಿ ತೇಲುತ್ತಿರುತ್ತವೆ. 2007ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಆಂಟನಿ ಅಟಾಲಾ ಮತ್ತು ಸಂಗಡಿಗರು, ಈ ಕೋಶಗಳಲ್ಲಿ ಸುಮಾರು ಶೇ. 1ರಷ್ಟು ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಎಂದು ವರದಿ ಮಾಡಿದರು. ಪ್ರಯೋಗಾಲಯದಲ್ಲಿ ಅವನ್ನು ಮೂಳೆ, ಸ್ನಾಯು, ಕೊಬ್ಬು, ನರ, ಯಕೃತ್ತಿನ ಕೋಶಗಳ ಮಾದರಿಯಲ್ಲಿ ಬೆಳೆಸಿದರು. ಇವನ್ನು ಪಡೆಯಲು ಭ್ರೂಣವನ್ನು ನಾಶ ಮಾಡಬೇಕಿಲ್ಲ. ಆ ಕುರಿತು ಧಾರ್ಮಿಕ ಅಳುಕು ಇರುವವರಿಗೆ ಇದು ಸಮಾಧಾನದ ಸಂಗತಿಯೇ.

ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದದ್ದು ಮಂಡಿಯೊಳಗೂ ಬೆಳೆಯುತ್ತದೆ ಎಂದೇನಿಲ್ಲ. ಅಲ್ಲೇ ಜನ ಮೋಸ ಹೋಗುವುದು.

ಗರ್ಭಜಲದ ಚೀಲದ ಪೊರೆಯ ಮಾತು ಬೇರೆ. ಹೆರಿಗೆಯ ನಂತರ ನಾವು ಹೂಳುವ ಮಾಸಿಗೆ ಅಂಟಿಕೊಂಡಿರುವ ತೆಳು ಪೊರೆ ಅದು. 1910ರಲ್ಲೇ ಅದನ್ನು ಚರ್ಮದ ಕಸಿಗೆ ಬಳಸಿದ ದಾಖಲೆಯಿದೆ. ಕಣ್ಣಿಗೆ ಸುಣ್ಣವೋ ಆಸಿಡ್ಡೋ ಬಿದ್ದು ಸುಟ್ಟಾಗ ನಮ್ಮ ದೇಶದ ನೇತ್ರ ತಜ್ಞರೂ ಇಂದು ಅದನ್ನು ಹೊದಿಸುತ್ತಾರೆ. ಅದು ಉರಿಯೂತ ತಗ್ಗಿಸಿ, ಗಾಯ ಮಾಯಲು ಆಸರೆಯಾಗುತ್ತದೆ. ಸಿಸೇರಿಯನ್ ಆದ ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್ ಮುಂತಾದವುಗಳ ಪರೀಕ್ಷೆ ಮಾಡಿದ ಮೇಲೆಯೇ ಪೊರೆಯನ್ನು ಬಳಸುವುದು. ಪೊರೆಯ ಈ ಒಳ್ಳೆಯ ಹೆಸರನ್ನು ತೋರಿಸಿ ಕೋಶದ ಇಂಜೆಕ್ಷನ್ ಮಾರುವುದು ಸರಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕ್ಯಾನ್ಸರ್, ತಲಸ್ಸೇಮಿಯಾದಂತಹ ಕಾಯಿಲೆಗಳಿಗೆ ರಕ್ತ ಹುಟ್ಟಿಸುವ ಆಕರ ಕೋಶಗಳ ಕಸಿ ಒಪ್ಪಿತ ಚಿಕಿತ್ಸೆ. ಉಳಿದ ಆಕರ ಕೋಶ ಚಿಕಿತ್ಸೆಗಳೆಲ್ಲ ಸಂಶೋಧನೆಯ ಹಂತದವು. ಹಣ ಪಡೆದು ಬ್ಯಾಂಕಿನಲ್ಲಿಡಲು ಅದು ಅನುಮತಿಸಿದ್ದು ಹೊಕ್ಕುಳಬಳ್ಳಿಯ ರಕ್ತವನ್ನು ಮಾತ್ರ.

ಯುನಾನಿ ವೈದ್ಯನಾದ ನನಗೆ ಈ ಸಂಶೋಧನೆಯ ಹಿಂದಿನ ವಿಚಾರ ಹಿಡಿಸುತ್ತದೆ. ದೇಹ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಶಕ್ತಿಯನ್ನು ನಮ್ಮ ಶಾಸ್ತ್ರ ‘ತಬೀಅತ್’ ಎನ್ನುತ್ತದೆ. ಹಕೀಮ ಅದಕ್ಕೆ ಸಹಾಯಕ ಮಾತ್ರ. ಆದರೆ ವಿಚಾರ ಹಿಡಿಸಿತೆಂದ ಮಾತ್ರಕ್ಕೆ ಔಷಧ ಸಾಬೀತಾಗುವುದಿಲ್ಲ. ಯುನಾನಿಯ ಹೆಸರಿನಲ್ಲೂ ‘ಮೂರೇ ದಿನದಲ್ಲಿ ಗುಣ’ ಎಂಬ ಬೋರ್ಡುಗಳಿವೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು.

ಆದ್ದರಿಂದ ಯಾರೇ ಇಂಥ ಚಿಕಿತ್ಸೆ ಹೇಳಿದರೂ ಮೂರು ಪ್ರಶ್ನೆ ಕೇಳಿ. ನನ್ನ ಕಾಯಿಲೆಗೆ ಇದು ಒಪ್ಪಿತ ಚಿಕಿತ್ಸೆಯೇ, ಪ್ರಯೋಗವೇ? ಪ್ರಯೋಗವಾದರೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿದೆ? ಪ್ರಯೋಗಕ್ಕೆ ಒಳಗಾಗುವ ನನ್ನಿಂದ ಹಣವೇಕೆ? ನೋಂದಣಿಯಾಗಿದ್ದರೂ ಅದು ಗುಣವಾಗುವ ಖಾತರಿಯಲ್ಲ, ಇದೂ ನೆನಪಿರಲಿ.

ಉತ್ತರ ತಡವರಿಸಿದರೆ ಎದ್ದು ಬನ್ನಿ. ಉಳಿದ ಹಣದಲ್ಲಿ ತಂದೆಗೆ ಮಂಡಿಯ ವ್ಯಾಯಾಮ, ತಾಯಿಗೆ ಫಿಸಿಯೋಥೆರಪಿ, ಮಗುವಿಗೆ ವಾಕ್ ತರಬೇತಿ ಕೊಡಿಸಿ. ಪವಾಡದ ಮಾತಿಲ್ಲದಿದ್ದರೂ ಅವು ಕೆಲಸಕ್ಕೆ ಬರುವ ಉಪಾಯಗಳು.