ಬೋರು ಹೊಡೀತೇ? ನೀರು ಬಂತೇ?

ಬೇಸಿಗೆ ರಜೆ ಶುರುವಾಗಿ ಮೂರು ದಿನ ಕಳೆಯಲಿ, ಮನೆಮನೆಯಲ್ಲೂ ಒಂದೇ ರಾಗ: "ತಾತಾ, ಬೋರು ಹೊಡೀತಿದೆ." ಈ ಮಾತನ್ನು ನಮ್ಮ ಬಿ.ಜಿ. ಕೆರೆ ಕಡೆ ಹೊಲದ ಬದುವಿನ ಮೇಲೆ ನಿಂತು ಹೇಳಿ ನೋಡಿ ಮಕ್ಕಳೇ! "ಯಾರ ಹೊಲದಾಗೆ? ಎಷ್ಟಡಿಗೆ ಹೋತು? ಎಷ್ಟಿಂಚು ನೀರು?" ಅಂತ ನಾಲ್ಕು ಜನ ಓಡಿ ಬರುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಮಳೆ ಕಡಿಮೆ ಬೀಳುವ ಸೀಮೆ. ಊರ ಹೆಸರಿನಲ್ಲಿ ಕೆರೆ ಇದ್ದರೂ ಜನ ನೆಚ್ಚಿಕೊಂಡಿರುವುದು ಬೋರನ್ನೇ. ಆದ್ದರಿಂದ ಈ ವಾರ ಇದೇ ಪದದ ಜಾತಕ ನೋಡೋಣ.

ಇಂಗ್ಲಿಷಿನ 'ಬೋರ್' ಸಾವಿರ ವರ್ಷಕ್ಕೂ ಹಳೆಯ ಪದ. ಅರ್ಥ ಸರಳ: ಕೊರೆ, ತೂತು ಮಾಡು. ಲ್ಯಾಟಿನ್ ಭಾಷೆಯ 'ಫೊರಾರೆ' ಇದರ ದಾಯಾದಿ, ಅದರ ಅರ್ಥವೂ ಕೊರೆಯುವುದೇ. ಆ ಫೊರಾರೆಯಿಂದ 'ಪರ್ಫೊರೇಷನ್' ಹುಟ್ಟಿತು. ಅಂಚೆ ಚೀಟಿಗಳ ನಡುವೆ, ಚೆಕ್ ಪುಸ್ತಕದಲ್ಲಿ ಹಾಳೆ ಹರಿಯುವ ಕಡೆ ಸಣ್ಣ ತೂತುಗಳ ಸಾಲು ಇರುತ್ತದಲ್ಲ, ಅದೇ. ಬ್ಯಾಂಕಿನಲ್ಲಿ ಅಂಥ ಸಾವಿರಾರು ಹಾಳೆಗಳು ನನ್ನ ಕೈಯಿಂದ ದಾಟಿವೆ. ಅಂದರೆ ಚೆಕ್ಕಿನ ಅಂಚಿಗೂ ಹೊಲದ ಕೊಳವೆಬಾವಿಗೂ ದೂರದ ನೆಂಟಸ್ತಿಕೆ!

ಬಂದೂಕಿನ ನಳಿಗೆಯ ತೂತಿಗೂ ಬೋರ್ ಎಂದೇ ಹೆಸರು. 'ಹನ್ನೆರಡು ಬೋರಿನ ಕೋವಿ' ಎಂದು ಅಜ್ಜಂದಿರು ಕೇಳಿರುತ್ತೀರಿ. ಈ ಹನ್ನೆರಡು ಇಂಚೂ ಅಲ್ಲ, ಗುಂಡಿನ ಲೆಕ್ಕವೂ ಅಲ್ಲ. ಒಂದು ಪೌಂಡ್ ಸೀಸವನ್ನು 12 ಸಮನಾದ ಗೋಲಿ ಮಾಡಿದರೆ, ಅದರಲ್ಲಿ ಒಂದು ಗೋಲಿ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಅದು. 20 ಗೋಲಿ ಮಾಡಿದರೆ ಗೋಲಿ ಚಿಕ್ಕದಾಗುತ್ತದೆ, ನಳಿಗೆಯೂ ಚಿಕ್ಕದು. ಅಂಕಿ ಹೆಚ್ಚಿದಷ್ಟೂ ತೂತು ಸಣ್ಣದಾಗುವ ವಿಚಿತ್ರ ಲೆಕ್ಕ!

ಹಾಗಾದರೆ ಬೇಸರದ ಬೋರು ಎಲ್ಲಿಂದ ಬಂತು? ಅದು ಬಹಳ ತಡವಾಗಿ ಬಂದದ್ದು. 1760ರ ದಶಕದಲ್ಲಿ ಇಂಗ್ಲೆಂಡಿನ ಶ್ರೀಮಂತ ಯುವಕರ ಕಾಗದಗಳಲ್ಲಿ ಮೊದಲು ಕಾಣಿಸಿತು. ಆಗ ಅದು ಷೋಕಿಯ ಆಡುಮಾತು, ನೀವು ಈಗ ಗೆಳೆಯರೊಡನೆ 'ಮಗಾ', 'ಗುರೂ' ಅನ್ನುತ್ತೀರಲ್ಲ, ಹಾಗೆ. ಹಿಡಿದ ಮಾತು ಬಿಡದೆ ಕಿವಿ ಕೊರೆಯುವವನಿಂದ ಈ ಅರ್ಥ ಬಂತು ಎನ್ನುವ ಪಂಡಿತರಿದ್ದಾರೆ. ಅಲ್ಲ, ಇದು ಫ್ರೆಂಚರಿಂದ ಬಂದ ಬೇರೆಯೇ ಪದ ಎನ್ನುವವರೂ ಇದ್ದಾರೆ. ನಮ್ಮಲ್ಲೂ 'ತಲೆ ಕೊರೀಬೇಡ' ಎನ್ನುತ್ತೇವಲ್ಲ! ಚಾರ್ಲ್ಸ್ ಡಿಕನ್ಸ್ 1852–53ರಲ್ಲಿ ಬರೆದ 'ಬ್ಲೀಕ್ ಹೌಸ್' ಕಾದಂಬರಿಯ ಸಿರಿವಂತ ಹೆಂಗಸೊಬ್ಬಳಿಗೆ ಎಲ್ಲವೂ ಇತ್ತು, ಬೇಸರವೂ ಬೇಕಾದಷ್ಟಿತ್ತು.

ಕನ್ನಡಕ್ಕೆ ಬಂದ ಬೋರಿಗೆ ನಾವು 'ಹೊಡೆ' ಎಂಬ ಬಾಲ ಕಟ್ಟಿದೆವು. ಹರಟೆ ಹೊಡೆ, ನಿದ್ದೆ ಹೊಡೆ, ಕಾಪಿ ಹೊಡೆ ಇದ್ದಂತೆ ಬೋರು ಹೊಡೆ. ಹಳ್ಳಿಗಳಲ್ಲಿ ಕೈಪಂಪಿಗೇ 'ಬೋರಿಂಗ್' ಎಂದು ಹೆಸರಾಯಿತು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದರು. ಹಳ್ಳಿಹಳ್ಳಿಗೆ ಬೋರು ಹಾಕಿಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ 'ನೀರ್ ಸಾಬ್' ಎಂದೇ ಕರೆದರು. ಬೆಂಗಳೂರಿನ 'ಬೋರಿಂಗ್ ಆಸ್ಪತ್ರೆ' ಮಾತ್ರ ಈ ಮನೆತನದ್ದಲ್ಲ. ಅದು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. 'ಬೋರಲು ಬಿದ್ದ' ಎಂಬಲ್ಲಿನ ಬೋರಲು ಅಚ್ಚಕನ್ನಡ. ನಮ್ಮ ಸೀಮೆಯ ಓಬಯ್ಯ, ಪಾಲಯ್ಯರ ಜೊತೆಗಾರ ಬೋರಯ್ಯನಿಗೂ ಬೇಸರಕ್ಕೂ ಸಂಬಂಧವಿಲ್ಲ!

ಇನ್ನು ನಾನು ಕೌಂಟರಿನಲ್ಲಿ ಕೂತು ಕಂಡ ಬೋರಿನ ಮಾತು. ನೀರು ನೋಡುವವರು ಅಂಗೈಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದು ಪಾಯಿಂಟ್ ತೋರಿಸುವರು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಬೋರ್ ಲಾರಿ ರಾತ್ರಿಯಿಡೀ ಗುಡುಗುವುದು. ಮನೆಮಂದಿಯೆಲ್ಲ ಹೊಲದಲ್ಲೇ ಜಾಗರಣೆ. ಲಾರಿಯವರ ದುಡ್ಡು ಅಡಿ ಲೆಕ್ಕ, ನೀರಿನ ಲೆಕ್ಕ ಅಲ್ಲ. ನೀರು ಬಿದ್ದ ರೈತ ಕಂತು ಕಟ್ಟಲು ಬರುವಾಗ ನಗುತ್ತಾ ಬರುತ್ತಿದ್ದ. "ಬರೀ ಧೂಳು ಬಂತು ಸಾರ್" ಎಂದವನ ಲೆಡ್ಜರ್ ಪುಟದಲ್ಲಿ ಬೆಳೆಯುತ್ತಿದ್ದುದು ಬಡ್ಡಿ ಒಂದೇ. ಒಬ್ಬನೇ ರೈತ ಎರಡು, ಮೂರು ಬೋರು ಫೇಲಾಗಿ ಶೇಂಗಾ ಹೊಲ ಅಡ ಇಟ್ಟದ್ದನ್ನೂ ನೋಡಿದ್ದೇನೆ. ಅಂಥ ಮನೆಯಲ್ಲಿ ಬೋರು ಎಂಬ ಮಾತು ಎತ್ತಿದರೆ ಎಲ್ಲರೂ ಸುಮ್ಮನಾಗಿಬಿಡುತ್ತಿದ್ದರು.

ಫೇಲಾದ ಬೋರು ಇನ್ನೊಂದು ಅಪಾಯವನ್ನೂ ಬಿಟ್ಟುಹೋಗುತ್ತದೆ. ಅದು ಬಾಯಿ ತೆರೆದ ಕೊಳವೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಹಾಗೆ ಬಿದ್ದಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಮರುದಿನ ಜೀವಂತವಾಗಿ ಎತ್ತಿದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲು ತುಂಬಿ ನೆಲದ ಮಟ್ಟಕ್ಕೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಕ್ಕಳೇ, ಅಂಥ ತೂತು ಕಂಡರೆ ಬಗ್ಗಿ ನೋಡಬೇಡಿ, ಕಲ್ಲು ಹಾಕಿ ಸದ್ದು ಕೇಳಬೇಡಿ. ದೂರದಿಂದಲೇ ಬಂದು ದೊಡ್ಡವರಿಗೆ ಹೇಳಿ. ಅಜ್ಜ ಅಜ್ಜಿಯರೇ, ಹೇಳಿದ ದಿನವೇ ಮುಚ್ಚಿಸಿ. ನಿಮ್ಮ ಮಾತಿನಿಂದ ಆಗದಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ.

ಈ ವಾರದ ಮನೆಗೆಲಸ: ಊರಿನ ಮೊದಲ ಬೋರಿನಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತ್ತು, ಇತ್ತೀಚಿನದರಲ್ಲಿ ಎಷ್ಟಡಿಗೆ ಸಿಕ್ಕಿತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಬಂದ ಉತ್ತರವನ್ನು ತಾತನ ಜೊತೆ ಕೂತು ಮಾತಾಡಿ. ನಲ್ಲಿಯನ್ನು ಯಾಕೆ ಬಿಗಿಯಾಗಿ ತಿರುಗಿಸಬೇಕು ಎಂದು ಆಮೇಲೆ ಯಾರೂ ನಿಮಗೆ ಹೇಳಬೇಕಾಗಿಲ್ಲ.