ಎರಡನೇ ಕೀ ಎಲ್ಲಿ?

ಕಳೆದ ವಾರ ಶಾಲೆ ಬಿಟ್ಟ ಮೇಲೆ ನನ್ನ ಹಳೆ ಕಾರು ಹೊರಡಲಿಲ್ಲ. ಇಂಜಿನ್ ಹಿಡಿದಂತೆ ಮಾಡಿ ಎರಡೇ ಸೆಕೆಂಡಿಗೆ ನಿಲ್ಲುತ್ತಿತ್ತು. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿತ್ತು. "ಕೀಯ ಬ್ಯಾಟರಿ ಮುಗಿದಿರಬೇಕು ಮಾಷ್ಟ್ರೇ" ಅಂದರು ಸಹೋದ್ಯೋಗಿಗಳು. ಬಂದ ಮೆಕ್ಯಾನಿಕ್, ಕಾರಿನ ಕಂಪ್ಯೂಟರನ್ನೇ ಬದಲಿಸಬೇಕೆಂದ. ಎರಡೂ ಅವಸರದ ಮಾತು.

ತಿರುಗಿಸುವ ಕೀಯ ತಲೆಯೊಳಗೆ ಬ್ಯಾಟರಿ ಬೇಡದ ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು ಗುರುತು ಕೇಳುತ್ತದೆ, ನಾವು ಹಾಜರಿ ಕರೆದಂತೆ. ಸರಿಯಾದ ಉತ್ತರ ಬರದಿದ್ದರೆ ಇಂಜಿನ್ ಓಡುವುದಿಲ್ಲ. ಕೀಯಲ್ಲಿರುವ ಬ್ಯಾಟರಿ ಬಾಗಿಲಿನ ರಿಮೋಟಿಗೆ ಮಾತ್ರ.

ಆದ್ದರಿಂದ ಮೊದಲು ಗೊಂಚಲಿನ ಬೇರೆ ಕೀಗಳನ್ನು ಬಿಡಿಸಿ ನೋಡಿ. ಪಕ್ಕದಲ್ಲಿ ಇನ್ನೊಂದು ಚಿಪ್ ಕೀ ಇದ್ದರೆ ಅಡ್ಡಬರುವುದುಂಟು. ಆಮೇಲೆ ಎರಡನೇ ಕೀ ಹಾಕಿ. ಅದರಲ್ಲಿ ಕಾರು ಹೊರಟರೆ ದೋಷ ಮೊದಲ ಕೀಯದ್ದು. ಇಲ್ಲವಾದರೆ ಸುರುಳಿ, ವಯರುಗಳನ್ನು ನೋಡಿಸಿ. ಕಂಪ್ಯೂಟರಿನ ಮಾತು ಕೊನೆಗೆ.

ನನ್ನಲ್ಲಿ ಎರಡನೇ ಕೀಯೇ ಇರಲಿಲ್ಲ! ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನೋಡಿದ್ದು ಟಯರು, ಬಣ್ಣ. ಎರಡೂ ಕೀ ಕೈಗೆ ಬರುವ ಮೊದಲು ಹಣ ಎಣಿಸಲೇಬಾರದು ಎಂಬುದು ಈಗಿನ ನನ್ನ ಪಕ್ಕಾ ಅಭಿಪ್ರಾಯ. ಹೊಸ ಕೀಗೆ ಹಲ್ಲು ಕೊರೆದರೆ ಸಾಲದು, ಅದರ ಚಿಪ್ಪನ್ನು ಕಾರಿಗೆ ಪರಿಚಯಿಸಬೇಕು. ಅದಕ್ಕೆ ಖರ್ಚು ಬೇರೆ. ಇನ್ನೊಬ್ಬರ ಮನೆಯಲ್ಲಿ ಉಳಿದ ಕೀಗೆ ನಮ್ಮ ಕಾರು ಈಗಲೂ ಬಾಗಿಲು ತೆರೆಯುತ್ತದೆ ಎಂಬುದೂ ನೆನಪಿರಲಿ.

ಮರುದಿನ ಕುಂಬಳೆಗೆ, ಮಾರಿದವರ ಮನೆಗೇ ಹೋದೆ. ಕಪಾಟಿನ ಮೂಲೆಯಲ್ಲಿ ಸಿಕ್ಕಿತು. ಹಾಕಿ ತಿರುಗಿಸಿದೆ, ಕಾರು ಹೊರಟಿತು.