ಯೀಸ್ಟೂ ಕೊಳವೆ ಬಾವಿಯ ನೀರೂ

ಬನ್ನು, ಬ್ರೆಡ್ಡು ಉಬ್ಬಲೆಂದು ಬೇಕರಿಯವರು ಹಿಟ್ಟಿಗೆ ಬೆರೆಸುವ ಯೀಸ್ಟ್, ನೀರಿನಲ್ಲಿ ಕರಗಿದ ಯುರೇನಿಯಂ ಎಂಬ ವಿಕಿರಣ ಲೋಹವನ್ನು ಹಿಡಿಯಬಲ್ಲದೆಂದರೆ ರೈತ ಬಾಂಧವರು ನಂಬಲಿಕ್ಕಿಲ್ಲ. ಆದರೂ ನಿಜ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ವಿಜ್ಞಾನಿಗಳು 1981ರಲ್ಲೇ ಇದನ್ನು ಪ್ರಕಟಿಸಿದರು. ಯುರೇನಿಯಂ ಯೀಸ್ಟ್ ಜೀವಕೋಶದ ಹೊರಮೈಗೆ ಅಂಟಿಕೊಳ್ಳುತ್ತದೆ. 100 ಗ್ರಾಂ ಒಣ ಯೀಸ್ಟಿಗೆ 10ರಿಂದ 15 ಗ್ರಾಂ ಲೆಕ್ಕದಲ್ಲಿ. ರಾಸಾಯನಿಕದಿಂದ ಅದನ್ನು ಬಿಡಿಸಿ, ಅದೇ ಯೀಸ್ಟನ್ನು ಮತ್ತೆ ಬಳಸಲೂ ಬರುತ್ತದೆ.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅನೇಕ ಕೊಳವೆ ಬಾವಿಗಳಲ್ಲಿ ಯುರೇನಿಯಂ, ಲೀಟರಿಗೆ 30 ಮೈಕ್ರೊಗ್ರಾಂ ಎಂಬ ಮಿತಿಯನ್ನು ಮೀರಿದೆ. ಅದನ್ನು ಯಾರೂ ತಂದು ಸುರಿದದ್ದಲ್ಲ. ನಮ್ಮ ನೆಲದಡಿಯ ಕಲ್ಲಿನಲ್ಲೇ ಇದೆ. ಕೆರೆಗಳು ಬತ್ತಿ, ಸಾವಿರ ಅಡಿ ಕೊರೆದು, ಬಹುಕಾಲ ಆ ಕಲ್ಲಿನ ಸಂದಿಯಲ್ಲಿ ನಿಂತ ನೀರನ್ನು ನಾವೇ ಎತ್ತಿ ಕುಡಿಯುತ್ತಿದ್ದೇವೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದರೆ ವಿಕಿರಣಕ್ಕಿಂತ ಹೆಚ್ಚಾಗಿ ಲೋಹದ ವಿಷವೇ ಮೂತ್ರಪಿಂಡವನ್ನು ಕೆಡಿಸುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಹಾಗಾದರೆ ಬಿಂದಿಗೆಗೆ ಒಂದು ಚಮಚ ಯೀಸ್ಟ್ ಹಾಕೋಣವೇ? ಖಂಡಿತ ಬೇಡ. ನಮ್ಮ ಗಡಸು ನೀರಿನ ಸುಣ್ಣದಂಶವೂ ಬೈಕಾರ್ಬೊನೇಟೂ ಯುರೇನಿಯಂ ಜೊತೆ ಕೂಡಿಕೊಂಡು ಅದನ್ನು ನೀರಿನಲ್ಲೇ ಉಳಿಸುತ್ತವೆ, ಯೀಸ್ಟಿಗೆ ಸುಲಭವಾಗಿ ಸಿಗಗೊಡುವುದಿಲ್ಲ. ಪ್ರಯೋಗಾಲಯದಲ್ಲಿ ನೀರಿನ ಹುಳಿ, ಉಷ್ಣತೆಗಳನ್ನು ಹದಕ್ಕೆ ತರಬಹುದು. ಊರಿನ ತೊಂಬೆಯಲ್ಲಿ ಆಗದು. ಮೇಲಾಗಿ ಹಿಡಿದ ಲೋಹ ಮಾಯವಾಗುವುದಿಲ್ಲ. ಬಳಸಿದ ಯೀಸ್ಟ್ ತಿಪ್ಪೆಗೆ ಬಿದ್ದರೆ ಗೊಬ್ಬರದೊಡನೆ ಹೊಲ ಸೇರುತ್ತದೆ.

ಇಂದು ಕೈಗೆಟಕುವ ಉಪಾಯವೆಂದರೆ ಊರಿನ ಶುದ್ಧ ನೀರಿನ ಘಟಕ. ಪೊರೆ ಕೆಟ್ಟಿರದಿದ್ದರೆ ಅದು ಯುರೇನಿಯಂನ ಬಹುಪಾಲನ್ನು ತೆಗೆಯುತ್ತದೆ. ಆದರೆ ತೆಗೆದದ್ದೆಲ್ಲ ಹೊರಬಿಡುವ ನೀರಿನಲ್ಲಿರುತ್ತದೆ. ಆ ನೀರನ್ನು ದನದ ತೊಟ್ಟಿಗೂ ಸೊಪ್ಪಿನ ಮಡಿಗೂ ತಿರುಗಿಸಿರುವ ಊರುಗಳಿವೆ. ನೀರು ವ್ಯರ್ಥವಾಗಬಾರದೆಂಬ ಜಾಣತನ ಇಲ್ಲಿ ಸಲ್ಲದು. ನಿಮ್ಮೂರಲ್ಲಿ ಹಾಗಿದ್ದರೆ ಇಂದೇ ನಿಲ್ಲಿಸಿ.

ಫ್ಲೋರೈಡ್ ಪರೀಕ್ಷೆ ಕೇಳುವುದು ನಮಗೆ ರೂಢಿಯಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ಯುರೇನಿಯಂ ಎಂದು ಹೆಸರಿಟ್ಟೇ ಕೇಳಿ. ಕುಡಿಯುವ ನೀರಿನ ಪ್ರತಿ ಕೊಳವೆ ಬಾವಿಯ ಅಂಕಿಯೂ ಪಂಚಾಯಿತಿ ಗೋಡೆಯ ಮೇಲೆ ಬರಲಿ. ಅಂಕಿ 30 ಮೀರಿದ್ದರೆ, ಕುಡಿಯಲಿಕ್ಕೂ ಅಡುಗೆಗೂ ಘಟಕದ ನೀರನ್ನೋ ಚೊಕ್ಕವಾಗಿ ಹಿಡಿದಿಟ್ಟ ಮಳೆ ನೀರನ್ನೋ ಬಳಸಿ.